ಇಂಜಿನ್ನಿನ ಗಸಿ: ತೊಳೆಯುವ ಮುನ್ನ ತಿಳಿಯಬೇಕಾದದ್ದು



ಸಾಬೂನಿನ ಪಾಠ ನಡೆದಿತ್ತು. ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: "ಸರ್, ನಮ್ಮಣ್ಣ ಗ್ಯಾರೇಜಿಗೆ ಹೋಗ್ತಾನ. ಕಾರಿನ ಆಯಿಲ್ ಬದಲಿ ಮಾಡೋಕಿಂತ ಮುಂಚೆ ಇಂಜಿನ್ ಒಳಗ ಡೀಸೆಲ್ ಹಾಕಿ ತೊಳಿತಾರಂತ. ಅದು ಸರಿ ಏನ್ರಿ?"

ಒಳ್ಳೆಯ ಪ್ರಶ್ನೆ. ನಿಮ್ಮಲ್ಲೂ ಕೆಲವರು ನಾಳೆ ಐಟಿಐ ಸೇರಬಹುದು, ಗ್ಯಾರೇಜ್ ಇಡಬಹುದು. ತಪ್ಪಾಗಿ ತೊಳೆದರೆ ಚೆನ್ನಾಗಿ ಓಡುತ್ತಿದ್ದ ಇಂಜಿನ್ನೇ ಕೆಡುತ್ತದೆ. ಅದಕ್ಕೆ ಮೊದಲು ಕಾರಣ ತಿಳಿಯೋಣ.

ಗಸಿ ಎಲ್ಲಿಂದ ಬರುತ್ತದೆ?

ಬಿಸಿಯಾದ ಆಯಿಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಉತ್ಕರ್ಷಣೆಗೊಂಡು ದಪ್ಪವಾಗುತ್ತದೆ. ಅದಕ್ಕೆ ಮಸಿ, ಉರಿಯದ ಇಂಧನ, ಧೂಳು, ನೀರು ಸೇರಿದರೆ ಎರೆಮಣ್ಣಿನ ರಾಡಿಯಂತಹ ಕಪ್ಪು ಗಸಿಯಾಗುತ್ತದೆ.

ನೀರು ಎಲ್ಲಿಂದ ಬಂತು? ಲೆಕ್ಕ ಮಾಡಿ ನೋಡಿ. 114 ಗ್ರಾಂ ಆಕ್ಟೇನ್ ಪೂರ್ತಿ ಉರಿದರೆ 162 ಗ್ರಾಂ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅಂದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು! ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಮಕ್ತಲ್‌ನಿಂದ ಹೈದರಾಬಾದಿಗೆ ಹೋಗುವ ಕಾರಿನಲ್ಲಿ ಆಯಿಲ್ ಚೆನ್ನಾಗಿ ಕಾಯ್ದು ಆ ನೀರು ಆವಿಯಾಗುತ್ತದೆ. ಮನೆಯಿಂದ ಬಜಾರಿಗಷ್ಟೇ ಹೋಗಿಬರುವ ಕಾರಿನಲ್ಲಿ ಅದು ಉಳಿದುಬಿಡುತ್ತದೆ. ಆದ್ದರಿಂದ ಕಡಿಮೆ ಓಡಿದ ಕಾರಿನಲ್ಲೂ ಗಸಿ ಹೆಚ್ಚಾಗಬಹುದು.

ಮಾಡಿ ನೋಡಿ

ಎರಡು ಗ್ಲಾಸಿನಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಸೋಪಿನ ಪುಡಿ ಹಾಕಿ. ಎರಡಕ್ಕೂ ದೀಪದ ಮಸಿ ಹಾಕಿ ಕಲಕಿ. ಬರೀ ನೀರಿನಲ್ಲಿ ಮಸಿ ಗುಂಪುಗೂಡಿ ತೇಲುತ್ತದೆ. ಸೋಪಿನ ನೀರಿನಲ್ಲಿ ಅದು ಹರಡಿ ನೀರೆಲ್ಲ ಕಪ್ಪಾಗುತ್ತದೆ.

ಇಂಜಿನ್ ಆಯಿಲ್‌ನಲ್ಲೂ ಇಂತಹ ಡಿಟರ್ಜೆಂಟ್ ಇರುತ್ತದೆ. ಅದರ ಅಣುವಿನ ತಲೆ ಕೊಳೆಯ ಕಡೆ, ಬಾಲ ಆಯಿಲ್ ಕಡೆ. ಹಾಗಾಗಿ ಆಯಿಲ್ ಕಪ್ಪಾದ ಕೂಡಲೇ ಕೆಟ್ಟಿತು ಅನ್ನಬೇಡಿ. ಅದು ಕೊಳೆಯನ್ನು ಹೊತ್ತುಕೊಂಡು ತನ್ನ ಕೆಲಸ ಮಾಡುತ್ತಿದೆ. ಆದರೆ ಹೊರುವುದಕ್ಕೂ ಮಿತಿ ಇದೆ. ಮಿತಿ ದಾಟಿದ ಮೇಲೆ ಕೊಳೆ ಕೆಳಗೆ ಕೂರುತ್ತದೆ. ಅದೇ ಗಸಿ.

ತೊಳೆಯುವ ಕ್ರಮ

ಇದಕ್ಕೆಂದೇ ಫ್ಲಶ್ ದ್ರಾವಣ ಸಿಗುತ್ತದೆ. ಕಾರಿನ ಕೈಪಿಡಿಯಲ್ಲಿ ಬೇಡ ಎಂದಿದ್ದರೆ ಬಳಸಬಾರದು.

1. ಇಂಜಿನ್ ಬೆಚ್ಚಗಾದ ಮೇಲೆ ಬಂದ್ ಮಾಡಿ, ಡಬ್ಬಿಯ ಮೇಲೆ ಬರೆದಷ್ಟೇ ದ್ರಾವಣವನ್ನು ಹಳೆಯ ಆಯಿಲ್‌ಗೆ ಸೇರಿಸಬೇಕು.
2. ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ನಿಂತಲ್ಲೇ ಇಂಜಿನ್ ಚಾಲೂ ಇಡಬೇಕು. ರೇಸ್ ಕೊಡಬಾರದು, ಗಾಡಿ ಓಡಿಸಬಾರದು.
3. ಇಂಜಿನ್ ಬಂದ್ ಮಾಡಿ, ಆಯಿಲ್ ಬಿಸಿ ಇರುವಾಗಲೇ, ಕೈ ಸುಡದಂತೆ, ಪೂರ್ತಿ ಇಳಿಸಬೇಕು.
4. ಫಿಲ್ಟರ್ ಬದಲಿಸಿ, ಸರಿಯಾದ ಗ್ರೇಡಿನ ಹೊಸ ಆಯಿಲ್ ಹಾಕಬೇಕು.
5. ಚಾಲೂ ಮಾಡಿದ ಕೆಲ ಸೆಕೆಂಡಿನಲ್ಲಿ ಆಯಿಲ್ ದೀಪ ಆರಬೇಕು. ಆರದಿದ್ದರೆ ತಕ್ಷಣ ಬಂದ್ ಮಾಡಬೇಕು.

ಅಪಾಯ ಎಲ್ಲಿದೆ?

ಜುರಾಲ ಕಾಲುವೆಯ ಮೇಲ್ಭಾಗದಲ್ಲಿ ಕಸವನ್ನೆಲ್ಲ ಒಮ್ಮೆಲೇ ಕಿತ್ತು ಬಿಟ್ಟರೆ ಏನಾಗುತ್ತದೆ? ತೂಬಿನ ಬಾಯಿಗೆ ಸಿಕ್ಕಿಕೊಂಡು ನೀರೇ ನಿಲ್ಲುತ್ತದೆ. ಇಂಜಿನ್ನಿನಲ್ಲೂ ಹಾಗೇ. ಗಸಿ ಗಟ್ಟಿಯಾಗಿ ಕೂತಿದ್ದರೆ ಫ್ಲಶ್ ಅದನ್ನು ತುಂಡು ತುಂಡಾಗಿ ಕೀಳುತ್ತದೆ. ತುಂಡುಗಳು ಪಂಪಿನ ಬಾಯಿಯ ಜಾಲರಿಗೆ ಅಡ್ಡ ಕೂರುತ್ತವೆ. ಆಯಿಲ್ ಮೇಲೆ ಏರುವುದಿಲ್ಲ. ಬೇರಿಂಗ್ ಒಣಗಿ, ತಿಕ್ಕಾಟದಿಂದ ಸುಟ್ಟುಹೋಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಕೆಳಗೇ ದಪ್ಪ ಗಸಿ ಕಂಡರೆ ಫ್ಲಶ್ ಬೇಡ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಜಾಲರಿಯನ್ನು ಸ್ವಚ್ಛ ಮಾಡಿಸುವುದೇ ಸರಿ.

ಇನ್ನು ಡೀಸೆಲ್, ಸೀಮೆಎಣ್ಣೆ? ಅವು ಬಹಳ ತೆಳುವು. ಲೋಹದ ಎರಡು ಭಾಗಗಳು ತಾಗದಂತೆ ತಡೆಯುವ ಆಯಿಲ್ ಪೊರೆಯನ್ನೇ ತೆಳ್ಳಗೆ ಮಾಡುತ್ತವೆ. ಬೆಂಕಿಯ ಭಯ ಬೇರೆ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮಣ್ಣಗ ಡೀಸೆಲ್ ಬ್ಯಾಡ ಅಂತ ಹೇಳಪಾ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿ ಮಾಡಿದ್ರ ತೊಳಿಯೋ ಕೆಲಸಾನೇ ಬರಂಗಿಲ್ಲ."

ಇಳಿಸಿದ ಆಯಿಲ್ ಏನು ಮಾಡಬೇಕು?

2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಚೆಲ್ಲಿದರೆ ಹಳ್ಳ ಸೇರಿ, ಕೊನೆಗೆ ನಾವು ಕುಡಿಯುವ ಕೃಷ್ಣೆಯನ್ನೇ ಸೇರುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಪರವಾನಗಿ ಇರುವವರಿಗೇ ಕೊಡಬೇಕು. ಕೈಗೆ ಗ್ಲೌಸ್ ಇರಲಿ.

ಆಲೋಚಿಸಿ ಉತ್ತರಿಸಿ

1. ವಾರಕ್ಕೊಮ್ಮೆ ನಾರಾಯಣಪೇಟೆಯಿಂದ ಗದ್ವಾಲಕ್ಕೆ ಹೋಗುವ ಕಾರು, ದಿನಾ ಊರೊಳಗೇ ತಿರುಗುವ ಕಾರು: ಯಾವುದರಲ್ಲಿ ನೀರು ಹೆಚ್ಚು ಉಳಿಯುತ್ತದೆ? ಏಕೆ?
2. ಫ್ಲಶ್ ಮಾಡಿ ಹಳೆಯ ಫಿಲ್ಟರನ್ನೇ ಬಿಟ್ಟರೆ ಏನಾಗುತ್ತದೆ?