ಗೋಧಿ ಒಗ್ಗದ ಹದಿಹರೆಯದ ಮಕ್ಕಳು: ಪಥ್ಯದ ಜೊತೆಗೆ ಬೇಕು ಮನೆಯವರ ಆಸರೆ

ಸೀಲಿಯಾಕ್ ಕಾಯಿಲೆಗೆ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳನ್ನು ಬದುಕಿರುವವರೆಗೂ ಬಿಡುವುದೊಂದೇ ಅದರ ಚಿಕಿತ್ಸೆ. ಮಗು ಚಿಕ್ಕದಿರುವಾಗ ತಾಯಿ ಬಡಿಸಿದ್ದನ್ನು ತಿನ್ನುತ್ತದೆ. ಪಥ್ಯ ತಾಯಿಯ ಕೈಯಲ್ಲಿರುತ್ತದೆ. ಆದರೆ 13-14 ವರ್ಷ ದಾಟಿದ ಮಕ್ಕಳು ಶಾಲೆಯ ಕ್ಯಾಂಟೀನ್, ಟ್ಯೂಷನ್ ದಾರಿಯ ಬೇಕರಿ, ಗೆಳೆಯರ ಮನೆ ಎಂದು ಹೊರಗೆ ತಿನ್ನತೊಡಗುತ್ತಾರೆ. ಆಗ ಪಥ್ಯ ಅವರ ಕೈಗೆ ಹೋಗುತ್ತದೆ. ಈ ಹಸ್ತಾಂತರ ಸರಿಯಾಗಿ ಆಗದಿದ್ದರೆ ಮನೆಯಲ್ಲಿ ದಿನವೂ ಜಗಳ, ಮಗುವಿನ ಕರುಳಿನಲ್ಲಿ ಸದ್ದಿಲ್ಲದ ಹಾನಿ. ಹೆತ್ತವರು ಇಲ್ಲಿ ಏನು ಮಾಡಬಹುದು ಎಂಬುದನ್ನು ಈ ಬಾರಿ ನೋಡೋಣ.

ಏನಿದು ಕಾಯಿಲೆ?

ಇದು ಸಾಮಾನ್ಯ ಅರ್ಥದ ಅಲರ್ಜಿಯಲ್ಲ. ಗೋಧಿ, ಬಾರ್ಲಿ ಮತ್ತು ರೈಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಅದು ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೆಯೇ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಪದರದಲ್ಲಿ ವೆಲ್ವೆಟ್ ಬಟ್ಟೆಯ ಎಳೆಗಳಂತಹ ಸೂಕ್ಷ್ಮ ಚಾಚುಗಳಿರುತ್ತವೆ. ಆಹಾರದ ಸತ್ವವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾದಾಗ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಬೇಧಿ, ಹೊಟ್ಟೆಯುಬ್ಬರ, ವಾಂತಿ ಇರಬಹುದು. ಹೊಟ್ಟೆಯ ತೊಂದರೆ ಏನೂ ಇಲ್ಲದೆ, ಮಾತ್ರೆಗೂ ಬಗ್ಗದ ರಕ್ತಹೀನತೆ, ಕುಂಠಿತ ಎತ್ತರ, ತಡವಾಗುವ ಮುಟ್ಟು, ಸದಾ ಸುಸ್ತು ಮಾತ್ರ ಕಾಣಿಸಿಕೊಳ್ಳುವುದೂ ಉಂಟು.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಅಲ್ಲಿ ಬ್ರೆಡ್ಡೇ ಸಿಗದಂತಾಯಿತು. ದೇಶವೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಪಾತ್ರವನ್ನು ಅವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಮಂಡಿಸಿದರು.

ನಮ್ಮ ದೇಶದಲ್ಲಿ ಇದು ಗೋಧಿ ಹೆಚ್ಚು ಉಣ್ಣುವ ಉತ್ತರದಲ್ಲಿ ಹೆಚ್ಚು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಯಿಲೆಯ ಸೂಚನೆ ನೀಡುವ ರಕ್ತಪರೀಕ್ಷೆಯ ಫಲಿತಾಂಶ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡುಬಂದಿತ್ತು. ನಮ್ಮಲ್ಲಿ ಅಪರೂಪವಾದ್ದರಿಂದಲೇ ಮಗುವಿಗೆ ಒಂಟಿತನ ಹೆಚ್ಚು. ತನ್ನಂತಹ ಇನ್ನೊಬ್ಬರನ್ನು ಅದು ಕಂಡಿರುವುದೇ ಇಲ್ಲ.

ಒಂದು ಎಚ್ಚರಿಕೆ: ಅನುಮಾನ ಬಂದ ಕೂಡಲೇ ಗೋಧಿ ನಿಲ್ಲಿಸಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆ ಮತ್ತು ಎಂಡೋಸ್ಕೊಪಿ ಮಾಡಿ ತೆಗೆಯುವ ಕರುಳಿನ ಚೂರಿನ ಪರೀಕ್ಷೆ ಸರಿಯಾದ ಉತ್ತರ ಕೊಡಬೇಕಾದರೆ ಮಗು ಅಲ್ಲಿಯವರೆಗೆ ಗೋಧಿ ತಿನ್ನುತ್ತಿರಬೇಕು. ಕಾಯಿಲೆ ಖಚಿತವಾದರೆ ಹೆತ್ತವರು ಮತ್ತು ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇದು ಕುಟುಂಬದಲ್ಲಿ ಹರಿದುಬರುವ ಕಾಯಿಲೆ.

'ಒಂದು ತುಂಡು ತಿಂದರೆ ಏನಾಗುತ್ತದೆ?'

ಈ ಮಾತನ್ನು ನೆಂಟರು ಪ್ರೀತಿಯಿಂದಲೇ ಹೇಳುತ್ತಾರೆ. ಲೆಕ್ಕ ಹೀಗಿದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆ ಸೇರಿದರೂ ಕರುಳಿಗೆ ಹಾನಿಯಾಗುತ್ತದೆ ಎಂದು ಸಂಶೋಧನೆ ತೋರಿಸಿದೆ. ಒಂದು ಸಾಧಾರಣ ಚಪಾತಿಯಲ್ಲಿ ಎರಡರಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ದಿನವೂ ಒಂದು ಚಿಟಿಕೆ ಚೂರೇ ಸಾಕು.

ಇಲ್ಲಿ ಇನ್ನೊಂದು ತೊಡಕಿದೆ. ತಿಂದ ಕೂಡಲೇ ಎಲ್ಲರಿಗೂ ಹೊಟ್ಟೆನೋವು ಬರುವುದಿಲ್ಲ. ಬಿಸ್ಕತ್ತು ತಿಂದ ಹುಡುಗನಿಗೆ ಏನೂ ಆಗಲಿಲ್ಲವೆಂದರೆ ಅವನಿಗೆ ಧೈರ್ಯ ಬರುತ್ತದೆ. ಒಳಗಿನ ಸವೆತ ಮಾತ್ರ ನಡೆಯುತ್ತಲೇ ಇರುತ್ತದೆ. ಅದು ರಕ್ತಪರೀಕ್ಷೆಯಲ್ಲಿ, ಮೂಳೆಯ ಬಲದಲ್ಲಿ, ಎತ್ತರದಲ್ಲಿ ತಡವಾಗಿ ಕಾಣಿಸುತ್ತದೆ.

ಹದಿಹರೆಯದಲ್ಲಿ ಏಕೆ ಕಷ್ಟ?

ಈ ವಯಸ್ಸಿನಲ್ಲಿ ಮಗುವಿಗೆ ಗೆಳೆಯರ ಗುಂಪಿನಲ್ಲಿ ಒಬ್ಬನಾಗಿರುವುದೇ ಮುಖ್ಯ. ಎಲ್ಲರೂ ಪಫ್ಸ್ ತಿನ್ನುವಾಗ ತಾನೊಬ್ಬ ಡಬ್ಬಿ ತೆರೆಯುವುದು ಅವನಿಗೆ ನಾಚಿಕೆ. ಹತ್ತು ವರ್ಷದ ಮುಂದಿನ ಮೂಳೆಸವೆತಕ್ಕಿಂತ ಇವತ್ತಿನ ಗೇಲಿ ದೊಡ್ಡದು. ಇದನ್ನು ಹೊಟ್ಟೆಬಾಕತನವೆಂದೋ ಮಾತು ಕೇಳದ ಹಟವೆಂದೋ ತಿಳಿಯಬೇಡಿ. ಜೊತೆಗೆ, ರಕ್ತಹೀನತೆ ಇರುವ ಮಗು ಸುಸ್ತಾಗುತ್ತದೆ, ಸಿಡುಕುತ್ತದೆ. ಸೀಲಿಯಾಕ್ ಇರುವವರಲ್ಲಿ ಆತಂಕ, ಖಿನ್ನತೆಗಳು ಹೆಚ್ಚು. ನೀವು ಕೆಟ್ಟ ನಡತೆ ಎಂದುಕೊಂಡದ್ದರಲ್ಲಿ ಒಂದು ಪಾಲು ಕಾಯಿಲೆಯದೇ ಇರಬಹುದು.

ಚೀಲ ತಡಕುವುದು, ತಮ್ಮನನ್ನು ಕಾವಲಿಗೆ ಬಿಡುವುದು, 'ನಿನ್ನಿಂದಾಗಿ ಮನೆಮಂದಿಗೆಲ್ಲ ತೊಂದರೆ' ಎನ್ನುವುದು, ಇವುಗಳಿಂದ ಗೋಧಿ ತಿನ್ನುವುದು ನಿಲ್ಲುವುದಿಲ್ಲ. ಹೇಳುವುದು ಮಾತ್ರ ನಿಲ್ಲುತ್ತದೆ. ಕದ್ದು ತಿಂದು ಮುಚ್ಚಿಟ್ಟ ಮಗುವಿಗೆ ವೈದ್ಯರೂ ಸಹಾಯ ಮಾಡಲಾರರು. ಆದ್ದರಿಂದ ಮೊದಲ ಗುರಿ ತಪ್ಪೇ ಆಗದ ಮನೆಯಲ್ಲ, ತಪ್ಪಾದಾಗ ನಿಜ ಹೇಳಲು ಹೆದರಿಕೆಯಿಲ್ಲದ ಮನೆ.

ಹೆತ್ತವರು ಮಾಡಬೇಕಾದದ್ದು

1. ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಒಪ್ಪಿಸಿ. ಮೊದಲು ಪೊಟ್ಟಣದ ಮೇಲಿನ ಪಟ್ಟಿ ಓದುವುದು, ಆಮೇಲೆ ತನ್ನ ತಿಂಡಿಯ ಡಬ್ಬಿ ಕಟ್ಟಿಕೊಳ್ಳುವುದು, ನಂತರ ಹೋಟೆಲಿನಲ್ಲಿ ತಾನೇ ಕೇಳಿ ಆರಿಸುವುದು. ಒಂದು ಕಲಿತ ಮೇಲೆ ಇನ್ನೊಂದು.

2. ಉತ್ತರವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. 'ನನಗೆ ಗೋಧಿ ಆಗಲ್ಲ, ಕರುಳಿನ ತೊಂದರೆ ಇದೆ, ನೀವು ತಿನ್ನಿ' ಎಂಬಷ್ಟು ಚಿಕ್ಕ ಮಾತು ಸಾಕು. ನಾಲ್ಕು ಬಾರಿ ಮನೆಯಲ್ಲಿ ಹೇಳಿದ ಮಾತು ಹೊರಗೆ ಸಲೀಸಾಗಿ ಬಾಯಿಗೆ ಬರುತ್ತದೆ. ಆಪ್ತ ಗೆಳೆಯನೊಬ್ಬನಿಗೆ ವಿಷಯ ತಿಳಿಸಲು ಪ್ರೋತ್ಸಾಹಿಸಿ.

3. ತಪ್ಪಾದಾಗ ವಿಚಾರಣೆ ಬೇಡ. 'ಯಾಕೆ ತಿಂದೆ?' ಎನ್ನುವ ಬದಲು 'ಆಗ ಹಸಿವಾಗಿತ್ತಾ? ಬೇಡ ಅನ್ನಲು ಕಷ್ಟವಾಯಿತಾ? ಮುಂದಿನ ಸಲ ಏನು ಮಾಡೋಣ?' ಎಂದು ಕೇಳಿ. ಹಸಿವೇ ಕಾರಣವಾಗಿದ್ದರೆ ಚೀಲದಲ್ಲಿ ಕಡಲೆ ಚಿಕ್ಕಿ, ಖರ್ಜೂರ, ಬಾಳೆಹಣ್ಣು ಇರಲಿ.

4. ನಿಜ ಹೇಳಿದ್ದನ್ನು ಮೆಚ್ಚಿ. 'ಹೇಳಿದೆಯಲ್ಲ, ಒಳ್ಳೆಯದಾಯಿತು' ಎಂಬ ಮಾತು ಹತ್ತು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

5. ಒಂದು ಹೊತ್ತಾದರೂ ಮನೆಯವರೆಲ್ಲ ಒಂದೇ ಊಟ ಮಾಡಿ. ನಮ್ಮ ನಾಡು ಇದಕ್ಕೆ ಅನುಕೂಲ. ಅನ್ನ, ಅಕ್ಕಿರೊಟ್ಟಿ, ನೀರುದೋಸೆ, ಇಡ್ಲಿ, ರಾಗಿಮುದ್ದೆ, ಜೋಳದ ರೊಟ್ಟಿ, ಸಜ್ಜೆ, ನವಣೆ, ಮಾಂಸ, ಮೀನು, ಮೊಟ್ಟೆ, ಬೇಳೆ, ಹಾಲು ಎಲ್ಲವೂ ಗ್ಲುಟೆನ್ ಇಲ್ಲದವು. ಬೇರೆ ತಟ್ಟೆಯ ಊಟ ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ.

6. ಕಾಯಿಲೆಯನ್ನೇ ದಿನವಿಡೀ ಮಾತಾಡಬೇಡಿ. ಮನೆಗೆ ಬಂದ ಮಗನಿಗೆ ಮೊದಲ ಪ್ರಶ್ನೆ 'ಏನು ತಿಂದೆ?' ಆಗದಿರಲಿ. ವೈದ್ಯರ ಬಳಿ ಹೋದಾಗ ಸ್ವಲ್ಪ ಹೊತ್ತು ಅವನೊಬ್ಬನೇ ಮಾತಾಡಲು ಬಿಡಿ.

ಅಡುಗೆಮನೆಯ ಎಚ್ಚರ

ಶುದ್ಧ ರಾಗಿಯೂ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಪ್ರಯೋಜನವಿಲ್ಲ. ಪ್ರತ್ಯೇಕ ಗಿರಣಿ ಇಲ್ಲದಿದ್ದರೆ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಚಪಾತಿಯ ಲಟ್ಟಣಿಗೆ, ಮಣೆ, ತವಾಗಳನ್ನು ಹಂಚಿಕೊಳ್ಳಬೇಡಿ. ಸಮೋಸ ಕರಿದ ಎಣ್ಣೆಯಲ್ಲಿ ಮಗುವಿನ ಕಬಾಬ್ ಕರಿಯಬೇಡಿ. ಅಂಗಡಿಯ ಇಂಗಿನಲ್ಲಿ ಹಲವು ಬಾರಿ ಮೈದಾ ಬೆರೆತಿರುತ್ತದೆ. ಸೋಯಾ ಸಾಸ್, ರವೆ, ಶ್ಯಾವಿಗೆ, ಬಾರ್ಲಿ ಮಾಲ್ಟ್ ಇರುವ ಹಾಲಿನ ಪುಡಿಗಳು ಕೂಡದು. ಬರೀ ರಾಗಿಯಿಂದ ಮಾಡಿದ ಮಾಲ್ಟ್ ಆಗಬಹುದು. ಓಟ್ಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಬೆರೆತಿರುವುದರಿಂದ ವೈದ್ಯರನ್ನು ಕೇಳದೆ ಕೊಡಬೇಡಿ. ಗ್ಲುಟೆನ್ ಮುಕ್ತ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ನಿಯಮ.

ಇಫ್ತಾರ್, ಈದ್, ಮದುವೆ

ಮಗು ಅತ್ಯಂತ ಹೆಚ್ಚು ಸೋಲುವುದು ಇಲ್ಲೇ. ಹಲೀಮ್‌ನಲ್ಲಿ ಗೋಧಿ, ಸಮೋಸದಲ್ಲಿ ಮೈದಾ, ಶೀರ್ ಖುರ್ಮಾದಲ್ಲಿ ಗೋಧಿ ಶ್ಯಾವಿಗೆ. ಮುಂಚೆಯೇ ಯೋಚಿಸಿಕೊಳ್ಳಿ. ಈದ್ ದಿನ ಅಕ್ಕಿ ಶ್ಯಾವಿಗೆಯಲ್ಲೇ ಖುರ್ಮಾ ಮಾಡಿದರೆ ಮಗುವೂ ಎಲ್ಲರ ಜೊತೆ ಕುಳಿತು ಉಣ್ಣಬಹುದು. ಔತಣಕ್ಕೆ ಹೋಗುವ ಮೊದಲು ಮನೆಯವರಿಗೆ ಫೋನ್ ಮಾಡಿ ತಿಳಿಸಿ. ಬಿರಿಯಾನಿಯ ಈರುಳ್ಳಿ ಹುರಿಯುವಾಗ, ಕಬಾಬಿನ ಮಸಾಲೆಗೆ ಮೈದಾ ಸೇರಿಸಿದ್ದಾರೆಯೇ ಎಂದು ಕೇಳುವುದು ಅಗೌರವವಲ್ಲ. ಒಂದೇ ಹರಿವಾಣದಲ್ಲಿ ಕೂಡಿ ಉಣ್ಣುವಾಗ ರೊಟ್ಟಿಯ ಚೂರು ಬೀಳದಂತೆ ಮಗುವಿಗೆ ಮೊದಲೇ ಬೇರೆ ತೆಗೆದಿಡಿ.

ಕಾಯಿಲೆ ಈಗಷ್ಟೇ ಪತ್ತೆಯಾಗಿ ರಕ್ತಹೀನತೆ, ತೂಕದ ಕೊರತೆ ಇರುವ ಮಗು ಉಪವಾಸ ಹಿಡಿಯಬಹುದೇ ಎಂಬುದನ್ನು ವೈದ್ಯರು ಹೇಳಲಿ. ರೋಗಿಗೆ ಧರ್ಮ ಕೊಟ್ಟಿರುವ ರಿಯಾಯಿತಿಯನ್ನು ಮಗು ಬಳಸಿಕೊಂಡರೆ ಅದಕ್ಕಾಗಿ ಅದನ್ನು ಯಾರೂ ಹಂಗಿಸಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ, ಸಂಬಂಧ ತಪ್ಪೀತೆಂದು ಕಾಯಿಲೆಯನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಅವಳು ಗಂಡನ ಮನೆಯಲ್ಲಿ ಗೋಧಿ ತಿನ್ನಲೇಬೇಕಾಗುತ್ತದೆ. ಪಥ್ಯವಿಲ್ಲದಿದ್ದರೆ ರಕ್ತಹೀನತೆ, ಗರ್ಭಪಾತದ ಅಪಾಯ ಹೆಚ್ಚು. ಪಥ್ಯದಲ್ಲಿರುವವಳಿಗೆ ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ. ಮೊದಲೇ ತಿಳಿಸುವುದೇ ಅವಳಿಗೆ ರಕ್ಷಣೆ.

ಯುನಾನಿ ಔಷಧ ಕೊಡಿಸುವವರಿಗೆ

ಈ ಕಾಯಿಲೆಯನ್ನು ವಾಸಿಮಾಡುವ ಮಾಜೂನ್ ಆಗಲಿ, ಜವಾರಿಶ್ ಆಗಲಿ ನಮ್ಮಲ್ಲಿಲ್ಲ. ಕೊಡುತ್ತೇನೆಂದು ಯಾರಾದರೂ ಹೇಳಿ ಗೋಧಿ ತಿನ್ನಲು ಬಿಟ್ಟರೆ ನಂಬಬೇಡಿ. ನಾವು ಧಾರಾಳವಾಗಿ ಹೇಳುವ ಮಾಉಶ್ಶಈರ್, ಅಂದರೆ ಬಾರ್ಲಿ ನೀರು, ಮತ್ತು ತಲ್ಬೀನ ಉಳಿದವರಿಗೆ ಒಳ್ಳೆಯದು, ಈ ಮಕ್ಕಳಿಗೆ ಕೂಡದು. ಕೆಲವು ಔಷಧಗಳಲ್ಲಿ ನಿಶಾಸ್ತಾ, ಅಂದರೆ ಗೋಧಿಯ ಹಾಲಿನಿಂದ ತೆಗೆದ ಪಿಷ್ಟ, ಇರುತ್ತದೆ. ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ ಮಗುವಿಗೆ ಸೀಲಿಯಾಕ್ ಇದೆ ಎಂಬುದನ್ನೇ ಮೊದಲು ಹೇಳಿ. ಆಹಾರವೇ ಔಷಧ ಎಂಬ ಇಲಾಜ್ ಬಿಲ್ ಗಿಝಾದ ಮಾತು ಈ ಕಾಯಿಲೆಯಲ್ಲಿ ಅಕ್ಷರಶಃ ನಿಜ.

ಹದಿಹರೆಯದ ಓದುಗರಿಗೆ ಎರಡು ಮಾತು

ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ. ಆಟ, ಓದು, ಪ್ರಯಾಣ, ಕೆಲಸ ಯಾವುದನ್ನೂ ಇದು ತಡೆಯುವುದಿಲ್ಲ. ಹೊರಗೆ ಹೋಗುವಾಗ ಸ್ವಲ್ಪ ತಿಂದುಕೊಂಡು ಹೋಗಿ, ಚೀಲದಲ್ಲಿ ಏನಾದರೂ ಇಟ್ಟುಕೊಳ್ಳಿ. ಒಂದು ದಿನ ತಪ್ಪಿದರೆ 'ಹೇಗೂ ತಿಂದಾಯಿತು' ಎಂದು ವಾರವಿಡೀ ತಿನ್ನಬೇಡಿ. ಮುಂದಿನ ಊಟದಿಂದಲೇ ಮತ್ತೆ ಶುರುಮಾಡಿ. ಪರೀಕ್ಷೆಗೆ ಹೋದಾಗ ತಿಂದದ್ದನ್ನು ವೈದ್ಯರಿಗೆ ಹೇಳಿಬಿಡಿ.

ಯಾವಾಗ ಹೆಚ್ಚಿನ ಸಹಾಯ ಬೇಕು?

ಮಗು ಊಟವನ್ನೇ ಬಿಡತೊಡಗಿದರೆ, ತೂಕ ಇಳಿಸಲು ಬೇಕೆಂದೇ ಗೋಧಿ ತಿಂದರೆ, ಎರಡು ವಾರ ಮಂಕಾಗಿ ಗೆಳೆಯರಿಂದ ದೂರ ಉಳಿದರೆ, ಬದುಕು ಬೇಡವೆಂಬ ಮಾತಾಡಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಪಥ್ಯ ಆರಂಭಿಸಿದ ಕೆಲವು ವಾರಗಳಲ್ಲಿ ಹೆಚ್ಚಿನ ಮಕ್ಕಳಿಗೆ ಹಸಿವು, ಉತ್ಸಾಹ ಮರಳುತ್ತದೆ. ರಕ್ತಪರೀಕ್ಷೆ ಸರಿಹೋಗಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಆ ಫಲಿತಾಂಶವನ್ನು ಮಗುವನ್ನು ಹಿಡಿದು ಹಾಕುವ ಸಾಕ್ಷಿಯಾಗಿ ಬಳಸಬೇಡಿ. ಇಬ್ಬರೂ ಒಟ್ಟಿಗೆ ಕುಳಿತು ನೋಡಿ, ಎಲ್ಲಿ ಸೋರುತ್ತಿದೆ ಎಂದು ಒಟ್ಟಿಗೆ ಹುಡುಕಿ. ಇವತ್ತು ನೀವು ಜೊತೆಗಿದ್ದು ಕಲಿಸಿದ್ದನ್ನೇ ಅವನು ನಾಳೆ ಹಾಸ್ಟೆಲಿನಲ್ಲಿ, ಪರವೂರಿನಲ್ಲಿ, ಗಲ್ಫ್‌ನ ಕೋಣೆಯಲ್ಲಿ ಒಬ್ಬನೇ ನಡೆಸಬೇಕು.