ಕವಾಟ ತೆರೆದಾಗ ಕೊಳವೆಯ ಮೇಲೆ ಬೀಳುವ ಬಲವೆಷ್ಟು?

ಕೃಷ್ಣಾ, ದೂಧಗಂಗಾ ನದಿಗಳ ದಂಡೆಯಲ್ಲಿ ಕಬ್ಬಿನ ಹೊಲಕ್ಕೆ ನೀರು ಹಾಯಿಸುವುದನ್ನು ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಪಂಪು ಚಾಲೂ ಆದೊಡನೆ, ನೆಲದ ಮೇಲೆ ಬಿದ್ದಿದ್ದ ರಬ್ಬರು ಕೊಳವೆಯ ತುದಿಯು ಹಿಂದಕ್ಕೆ ಸರಿದು ಹಾವಿನಂತೆ ಹೊರಳುವುದು. ರೈತನು ಅದರ ಮೇಲೊಂದು ಕಲ್ಲು ಹೇರಿಯೋ, ಕಾಲಿನಿಂದ ಅದುಮಿಯೋ ಅದನ್ನು ಸುಮ್ಮನಿರಿಸುತ್ತಾನೆ. ನೀರು ಮುಂದಕ್ಕೆ ಹೋದರೆ ಕೊಳವೆಯು ಹಿಂದಕ್ಕೇಕೆ ಬರಬೇಕು? ಈ ಸಣ್ಣ ಪ್ರಶ್ನೆಯ ಉತ್ತರವನ್ನು ಅರಿತವರಿಗೆ, ಅದೇ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಾರ್ಮಿಕರ ಪ್ರಾಣ ಕಾಯುವ ಒಂದು ಲೆಕ್ಕವೂ ತಿಳಿದಂತಾಗುವುದು.

ಕಾರ್ಖಾನೆಯ ಕವಾಟ

1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್ ಸಂಸ್ಥೆಯ ಕಾರ್ಖಾನೆಯು ಈಗಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಡೆಗೆ ಸಹಕಾರಿ ಕಾರ್ಖಾನೆಗಳೂ ಇವೆ. ಇಂಥ ಕಾರ್ಖಾನೆಗಳಲ್ಲಿ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯೇ ಬಾಯ್ಲರಿನ ಉರುವಲು. ಅಲ್ಲಿ ಹುಟ್ಟಿದ ಉಗಿಯು ಟರ್ಬೈನನ್ನು ತಿರುಗಿಸಿ, ಅನಂತರ ಕಬ್ಬಿನ ರಸವನ್ನು ಕುದಿಸುತ್ತದೆ.

ಹಂಗಾಮಿನ ನಡುವೆ ಗಾಣವು ಥಟ್ಟನೆ ನಿಂತಿತೆನ್ನೋಣ. ಉಗಿಯ ಬಳಕೆಯು ಕಡಿಮೆಯಾಗುವುದು. ಆದರೆ ಕುಲುಮೆಯಲ್ಲಿ ಉರಿಯುತ್ತಿರುವ ಸಿಪ್ಪೆಯ ಬೆಂಕಿಯು ಆ ಕ್ಷಣದಲ್ಲಿಯೇ ಆರುವುದಿಲ್ಲ. ಒತ್ತಡವು ಏರುತ್ತ ಹೋಗಿ ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಸುರಕ್ಷಾ ಕವಾಟವು, ಎಂದರೆ ಕಾರ್ಮಿಕರು ಹೇಳುವ ಸೇಫ್ಟಿ ವಾಲ್ವ್, ತಾನಾಗಿ ತೆರೆದು ಉಗಿಯನ್ನು ಹೊರಗೆ ಬಿಡುವುದು. 17ನೆಯ ಶತಮಾನದಲ್ಲಿ ಡೆನಿ ಪಾಪಿನನು ತನ್ನ ಅಡುಗೆಯ ಪಾತ್ರೆಗೆ ಜೋಡಿಸಿದ ಕವಾಟದ ತತ್ತ್ವವೂ, ನಮ್ಮ ಮನೆಯ ಕುಕ್ಕರಿನ ಸೀಟಿಯ ತತ್ತ್ವವೂ ಇದೇ ಆಗಿದೆ.

ಹೀಗೆ ಬಾಯ್ಲರೇನೋ ಉಳಿಯಿತು. ಆದರೆ ಕವಾಟವನ್ನು ಹೊತ್ತ ಕೊಳವೆಯ ಗತಿಯೇನು? ಅದೂ ಪಂಪಿನ ಕೊಳವೆಯಂತೆ ಹಿಂದಕ್ಕೆ ನೂಕಲ್ಪಡುವುದಲ್ಲವೆ?

ಬಲವು ಎಲ್ಲಿಂದ ಬಂದಿತು?

ಹೊರಬಂದ ಉಗಿಯು ಹೊರಗಿನ ಗಾಳಿಯನ್ನು ಒತ್ತುವುದರಿಂದ ಕೊಳವೆಯು ಹಿಂದೆ ಸರಿಯುವುದೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಹಾಗಿದ್ದರೆ ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿ ರಾಕೆಟ್ಟು ಮುನ್ನಡೆಯುತ್ತಿರಲಿಲ್ಲ.

ಕವಾಟವು ಮುಚ್ಚಿದ್ದಾಗ ಒಳಗಿನ ಒತ್ತಡವು ಎದುರುಬದುರಿನ ಗೋಡೆಗಳನ್ನು ಸಮನಾಗಿ ಒತ್ತುತ್ತಿರುತ್ತದೆ. ಕೊಳವೆಯು ಯಾವ ಕಡೆಗೂ ಸರಿಯದು. ಬಾಯಿ ತೆರೆದಾಗ ಆ ಒಂದು ಕಡೆಯಲ್ಲಿ ಒತ್ತಡವನ್ನು ತಡೆಯಲು ಗೋಡೆಯೇ ಇಲ್ಲ. ಎದುರಿನ ಗೋಡೆಯ ಮೇಲಿನ ಒತ್ತಡಕ್ಕೆ ಜೋಡಿ ತಪ್ಪುತ್ತದೆ. ಅದೇ ಉಗಿಯನ್ನು ಮುಂದಕ್ಕೂ, ಕೊಳವೆಯನ್ನು ಹಿಂದಕ್ಕೂ ನೂಕುವ ಬಲ. ನ್ಯೂಟನ್ನನ ಮೂರನೆಯ ನಿಯಮವು ಹೇಳುವುದು ಇದನ್ನೇ.

ಈ ಬಲದಲ್ಲಿ ಎರಡು ಭಾಗಗಳಿವೆ. ಸೆಕೆಂಡಿಗೆ ಹೊರಬರುವ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಮೊದಲನೆಯದು ದೊರೆಯುವುದು. ಇದು ಸಂವೇಗದ ಭಾಗ. ಬಾಯಿಯಲ್ಲಿರುವ ಒತ್ತಡದಿಂದ ವಾಯುಮಂಡಲದ ಒತ್ತಡವನ್ನು ಕಳೆದು, ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಎರಡನೆಯದು. ಇದು ಒತ್ತಡದ ಭಾಗ. ಎರಡರ ಮೊತ್ತವೇ ಪ್ರತಿಕ್ರಿಯಾ ಬಲ.

ಲೆಕ್ಕ ಮಾಡಿ ನೋಡೋಣ

ಮೊದಲು ನೀರು. 5 ಸೆಂಟಿಮೀಟರು ವ್ಯಾಸದ ಕೊಳವೆಯಿಂದ ಸೆಕೆಂಡಿಗೆ 10 ಲೀಟರು, ಎಂದರೆ 10 ಕಿಲೋಗ್ರಾಂ ನೀರು ಬೀಳುತ್ತಿರಲಿ. ಅದರ ವೇಗವು ಸೆಕೆಂಡಿಗೆ ಸುಮಾರು 5 ಮೀಟರು. ಬಾಯಿಯಲ್ಲಿ ನೀರಿನ ಒತ್ತಡವು ಹೊರಗಿನಷ್ಟೇ ಇರುವುದರಿಂದ ಎರಡನೆಯ ಭಾಗವು ಸೊನ್ನೆ. ಬಲವು 10 × 5 = 50 ನ್ಯೂಟನ್; ಸುಮಾರು 5 ಕಿಲೋಗ್ರಾಂ ತೂಕದಷ್ಟು. ರೈತನ ಒಂದು ಕಲ್ಲು ಸಾಕು.

ಈಗ ಉಗಿ. ಬಾಯ್ಲರಿನಲ್ಲಿ ವಾಯುಮಂಡಲದ 45 ಪಟ್ಟು ಒತ್ತಡದಲ್ಲಿ, 400 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿರುವ ಉಗಿಯು 15 ಸೆಂಟಿಮೀಟರು ವ್ಯಾಸದ ಕೊಳವೆಯಿಂದ ಸೆಕೆಂಡಿಗೆ ಅದೇ 10 ಕಿಲೋಗ್ರಾಂನಂತೆ ಹೊರಬೀಳುತ್ತಿರಲಿ. ಬಾಯಿಯ ಬಳಿ ಇಷ್ಟು ಉಗಿಯು ಸುಮಾರು 10 ಘನಮೀಟರು ಜಾಗವನ್ನು ಬೇಡುತ್ತದೆ. ಇದು ನೀರಿನ ಸಾವಿರ ಪಟ್ಟು. ಆದುದರಿಂದ ಅದು ಸೆಕೆಂಡಿಗೆ ಸುಮಾರು 580 ಮೀಟರು ವೇಗದಿಂದ ಧಾವಿಸಬೇಕಾಗುವುದು. ಒಂದೇ ಅಗಲದ ಕೊಳವೆಯಲ್ಲಿ ಉಗಿಯು ತನ್ನೊಳಗಿನ ಶಬ್ದದ ವೇಗವನ್ನು ಮೀರಲಾರದು. ಆ ಮಿತಿಯೇ ಇದು. ಆದ್ದರಿಂದ ಬಾಯಿಗೆ ಬಂದಾಗಲೂ ಅದರ ಒತ್ತಡವು ಪೂರ್ತಿ ಇಳಿದಿರುವುದಿಲ್ಲ. ಸುಮಾರು 2,50,000 ಪಾಸ್ಕಲ್ ಉಳಿದಿರುತ್ತದೆ. ವಾಯುಮಂಡಲದ್ದು ಸುಮಾರು 1,00,000.

ಸಂವೇಗದ ಭಾಗ: 10 × 580 = 5,800 ನ್ಯೂಟನ್.
ಒತ್ತಡದ ಭಾಗ: 1,50,000 × 0.0177 = 2,650 ನ್ಯೂಟನ್, ಸುಮಾರಾಗಿ.
ಮೊತ್ತ: 8,450 ನ್ಯೂಟನ್.

ಇದು ಸುಮಾರು 860 ಕಿಲೋಗ್ರಾಂ ತೂಕಕ್ಕೆ ಸಮ. ದ್ರವ್ಯರಾಶಿಯು ಅಷ್ಟೇ, ಬಲವು ಮಾತ್ರ ನೀರಿನದಕ್ಕಿಂತ ಸುಮಾರು 170 ಪಟ್ಟು! ನೀರಿನ ಲೆಕ್ಕದ ರೂಢಿಯಿಂದ ಎರಡನೆಯ ಭಾಗವನ್ನು ಮರೆತವರು ಇಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬಲವನ್ನೇ ಕೈಬಿಟ್ಟಂತಾಗುವುದು.

ಇನ್ನೊಂದು ಮಾತು. ಸ್ಪ್ರಿಂಗಿನ ತಟ್ಟೆಯ ಮೇಲೆ ತೂಕವನ್ನು ಮೆಲ್ಲನೆ ಇಳಿಸಿದಾಗ ಅದು ಎಷ್ಟು ತಗ್ಗುವುದೋ, ಥಟ್ಟನೆ ಬಿಟ್ಟಾಗ ಮೊದಲ ಕ್ಷಣದಲ್ಲಿ ಅದರ ಎರಡರಷ್ಟು ತಗ್ಗುವುದು. ಕವಾಟವೂ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಆದುದರಿಂದ ಕೊಳವೆಯು ಎರಡರಷ್ಟು ಬಲವನ್ನು, ಅಂದರೆ 16,900 ನ್ಯೂಟನ್ನುಗಳನ್ನು, ತಡೆಯುವಂತಿರಬೇಕೆಂದು ಭಾವಿಸುವುದೇ ಕ್ಷೇಮ.

ಮುರಿಯುವುದು ಎಲ್ಲಿ?

ಕವಾಟವು ಗಿಡ್ಡ ಕೊಳವೆಯೊಂದರ ಮೇಲೆ ನೆಟ್ಟಗೆ ನಿಂತಿರುತ್ತದೆ. ಉಗಿಯು ಪಕ್ಕಕ್ಕೆ ಹೊರಟು, ಎಲ್ಬೋ ಎಂಬ ಬಾಗಿನಲ್ಲಿ ತಿರುಗಿ ಆಕಾಶದತ್ತ ಚಿಮ್ಮುವುದು. ಪ್ರತಿಕ್ರಿಯೆಯು ಆ ಬಾಗನ್ನು ಕೆಳಕ್ಕೆ ಒತ್ತುವುದು. ಬಾಗಿಗೂ ಕವಾಟದ ನಡುಗೆರೆಗೂ 60 ಸೆಂಟಿಮೀಟರು ಅಂತರವಿದ್ದರೆ, ಗಿಡ್ಡ ಕೊಳವೆಯ ಬುಡವನ್ನು ಬಾಗಿಸುವ ಭ್ರಾಮಕವು 16,900 × 0.6 = 10,140 ನ್ಯೂಟನ್-ಮೀಟರು. ಮುರಿಯುವುದಾದರೆ ಮುರಿಯುವುದು ಈ ಬುಡದಲ್ಲಿ.

ಇದು ಬರಿಯ ಊಹೆಯಲ್ಲ. 1970ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ರಾಬಿನ್ಸನ್ ವಿದ್ಯುದಾಗಾರದಲ್ಲಿ, ಪರೀಕ್ಷೆ ನಡೆಯುತ್ತಿದ್ದಾಗ ಸುರಕ್ಷಾ ಕವಾಟವನ್ನು ಹೊತ್ತ ಕೊಳವೆಯೊಂದು ಮುರಿದು, ಹತ್ತಿರವಿದ್ದ ಕೆಲಸಗಾರರು ಗಾಯಗೊಂಡರು. ಕಾಪಾಡಲು ಇಟ್ಟ ಸಾಧನವೇ ಅಪಾಯಕ್ಕೆ ಎಡೆಯಾಯಿತು.

ಪರಿಹಾರಗಳು ಸರಳ. ಪಕ್ಕಕ್ಕೆ ಚಾಚಿದ ತೋಳು ಗಿಡ್ಡವಾಗಿರಬೇಕು. ಬಾಗಿಗೆ ಗಟ್ಟಿಯಾದ ಆಧಾರವಿರಬೇಕು. ಆದರೆ ಕಾದಾಗ ಹಿಗ್ಗುವ ಉಕ್ಕಿಗೆ ಆ ಆಧಾರವು ಅಡ್ಡಿಯಾಗಬಾರದು. ಮೇಲಿನ ಉದ್ದನೆಯ ಹೊಗಳವೆಯ ಭಾರವನ್ನು ಕಟ್ಟಡವು ಹೊರಬೇಕು, ಕವಾಟವಲ್ಲ. ಉಗಿಯನ್ನು ಎದುರುಬದುರಾದ ಎರಡು ಬಾಯಿಗಳಿಂದ ಸಮನಾಗಿ ಬಿಟ್ಟರೆ ಎರಡು ಬಲಗಳೂ ಒಂದನ್ನೊಂದು ಅಳಿಸುವುವು.

ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ತಾವೇ ಬಿಡಿಸಲಿ. ಮೇಲಿನ ತೋಳನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಭ್ರಾಮಕವೆಷ್ಟು? ಎದುರುಬದುರಾದ ಎರಡು ಬಾಯಿಗಳಲ್ಲಿ ಒಂದು ಮುಚ್ಚಿಹೋದರೆ ಆಗುವುದೇನು? ಮುಂದಿನ ಹಂಗಾಮಿನಲ್ಲಿ ಇರುಳು ಹೊತ್ತು ಕಾರ್ಖಾನೆಯ ಕಡೆಯಿಂದ ಉಗಿಯ ಆರ್ಭಟ ಕೇಳಿಬಂದಾಗ, ಆ ಸದ್ದಿನ ಕೆಳಗೆ ಒಂದು ಗಿಡ್ಡ ಕೊಳವೆಯು ಎಷ್ಟು ಭಾರವನ್ನು ತಡೆದು ನಿಂತಿದೆಯೆಂಬುದನ್ನು ಅವರು ನೆನೆಯಬಹುದು.