ಹಾರ್ಡ್‌ವಿಕ್ ಸೌಧ

ಇಂಗ್ಲೆಂಡಿನ ಡಾರ್ಬಿಷೈರ್ ಪ್ರಾಂತದ ಗುಡ್ಡವೊಂದರ ಮೇಲೆ ಹಾರ್ಡ್‌ವಿಕ್ ಎಂಬ ಪ್ರಸಿದ್ಧ ಸೌಧವುಂಟು. ಇದನ್ನು ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಸಾಧಾರಣ ಜಮೀನುದಾರನ ಮಗಳಾಗಿ ಹುಟ್ಟಿದ ಈಕೆಯು ಅರುವತ್ತು ವರ್ಷ ಮೀರಿದ ಮೇಲೆ, 1590ರಲ್ಲಿ, ಕೆಲಸವನ್ನಾರಂಭಿಸಿ 1597ರಲ್ಲಿ ಅಲ್ಲಿ ವಾಸಕ್ಕೆ ಬಂದಳು. ನಕ್ಷೆಯು ರಾಬರ್ಟ್ ಸ್ಮಿತ್ಸನ್ ಎಂಬ ಶಿಲ್ಪಿಯದೆಂದು ವಿದ್ವಾಂಸರ ಮತ.

ಗಾಜು ಬಹು ಬೆಲೆಯುಳ್ಳ ಕಾಲವದು. ಆದರೂ ಈ ಮನೆಯಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚಾಗಿ ಕಾಣುವುದು. ಇದು ಹೇಗೆ ಸಾಧ್ಯವಾಯಿತು? ಅಗ್ಗಿಷ್ಟಿಕೆಗಳನ್ನು ಬಹುಮಟ್ಟಿಗೆ ಒಳಗೋಡೆಗಳಲ್ಲಿಟ್ಟುದರಿಂದ ಹೊರಗೋಡೆಗಳು ಬೆಳಕಿಗೆ ತೆರವಾದುವು. ಮೂರು ಅಂತಸ್ತುಗಳಲ್ಲಿ ಮೇಲೇರಿದಂತೆ ಕಿಟಕಿಗಳೂ ಎತ್ತರವಾಗುವುವು: ಕೆಳಗೆ ಅಡಿಗೆ ಮುಂತಾದ ಕೆಲಸದ ಸ್ಥಳ, ನಡುವೆ ಒಡತಿಯ ವಾಸ, ಮೇಲೆ ರಾಜಯೋಗ್ಯವಾದ ಸಭಾಗೃಹಗಳು. ಆರು ಗೋಪುರಗಳ ನೆತ್ತಿಯಲ್ಲಿ ಅವಳ ಹೆಸರಿನ ಮೊದಲಕ್ಷರಗಳು ಕಲ್ಲಿನಲ್ಲಿ ನಿಂತಿವೆ.

ಆದರೆ ನಮ್ಮ ಹೆಣ್ಣುಮಕ್ಕಳು ಆ ಅಕ್ಷರಗಳಿಗಿಂತಲೂ ಅವಳ ಲೆಕ್ಕದ ಪುಸ್ತಕಗಳನ್ನು ಗಮನಿಸತಕ್ಕದ್ದು. ಅವು ಇಂದಿಗೂ ಉಳಿದಿವೆ. ವೆಚ್ಚವನ್ನು ತಾನೇ ಪರಿಶೀಲಿಸಿ ರುಜು ಹಾಕುತ್ತಿದ್ದಳು. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಗಂಡನುಳ್ಳ ಸ್ತ್ರೀಗೆ ಆಸ್ತಿಯ ಮೇಲಣ ಅಧಿಕಾರವು ಬಹು ಸ್ವಲ್ಪ. ವಿಧವೆಗಾದರೋ ಸ್ವಾತಂತ್ರ್ಯವಿತ್ತು. ನಾಲ್ವರು ಪತಿಗಳನ್ನು ಕಳೆದುಕೊಂಡ ಅವಳಿಗೆ ಐಶ್ವರ್ಯವೂ ಅಧಿಕಾರವೂ ಆ ದಾರಿಯಿಂದ ಬಂದುವು. ಲೆಕ್ಕ ನೋಡುವ ಜಾಣ್ಮೆಯನ್ನಾದರೋ ಯಾರೂ ಅವಳಿಗೆ ಉಯಿಲಿನಲ್ಲಿ ಬರೆದಿಟ್ಟಿರಲಿಲ್ಲ. ಅದು ಅವಳೇ ಕಲಿತದ್ದು.